ಪೂರಾ ಬಂತು, ತಿರುಗಿ ಹೇಳ್ರಿ

ಫೋನಿನಲ್ಲಿ ಗುಂಪು ಕಟ್ಟಿಕೊಂಡು ಹರಟೆ ಹೊಡೆಯುವ ವಿದ್ಯೆಯನ್ನು ಯಾರೋ ಪರದೇಶದವರು ಕಂಡುಹಿಡಿದರು ಎಂದು ನೀವು ನಂಬಿದ್ದರೆ, ದಯವಿಟ್ಟು ಆ ನಂಬಿಕೆಯನ್ನು ಈಗಲೇ ಬಿಟ್ಟುಬಿಡಿ. ಅದನ್ನು ಕಂಡುಹಿಡಿದವನು ನನ್ನ ಸೋದರಮಾವ! ವಾಡಿಗೂ ಚಿತ್ತಾಪುರಕ್ಕೂ ನಡುವೆ, ಎಕ್ಸ್‌ಪ್ರೆಸ್ ಗಾಡಿಗಳು ತಿರುಗಿಯೂ ನೋಡದೆ ಓಡಿಹೋಗುತ್ತಿದ್ದ ಒಂದು ಸಣ್ಣ ಸ್ಟೇಷನ್ನಿನಲ್ಲಿ ಅವನು ಮಾಸ್ತರನಾಗಿದ್ದ. ಕಂಪ್ಯೂಟರ್ ಎಂಬ ಶಬ್ದ ನಮ್ಮ ತಾಲೂಕಿಗೆ ಕಾಲಿಡುವ ಎಷ್ಟೋ ವರ್ಷ ಮೊದಲೇ ಈ ಮಹಾಪುರುಷ ಹರಟೆಯ ಗುಂಪು ಕಟ್ಟಿದ್ದ, ಅದಕ್ಕೆ ಕಾಯಿದೆ ಮಾಡಿದ್ದ. ಸಾಲದೆಂದು ಆ ಕಾಯಿದೆಯನ್ನು ಮನೆಗೂ ತಂದು ನಮ್ಮೆಲ್ಲರ ಜೀವ ಹಿಂಡಿದ್ದ.

ನಂಬುವುದಿಲ್ಲವೇ? ಮೊನ್ನೆ ನನ್ನ ಮೊಮ್ಮಗಳು ಪರೀಕ್ಷೆಗೆಂದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಎರಡು ಕಂಪ್ಯೂಟರುಗಳು ಮಾತಾಡಬೇಕಾದರೆ ಮೊದಲು ಒಂದು ಇನ್ನೊಂದನ್ನು ಕರೆಯಬೇಕಂತೆ. ಆ ಇನ್ನೊಂದು “ಇದ್ದೇನೆ, ಹೇಳು” ಅನ್ನಬೇಕಂತೆ. ಕಳಿಸಿದ್ದು ಮುಟ್ಟಿತು ಎಂದು ಜವಾಬು ಬರುವ ತನಕ ಕಳಿಸಿದ ಕಂಪ್ಯೂಟರು ಕಾಯುತ್ತಿರಬೇಕಂತೆ. ಜವಾಬು ಬರದಿದ್ದರೆ ಮತ್ತೆ ಕಳಿಸಬೇಕಂತೆ. ಇದಕ್ಕೆಲ್ಲ ಸೇರಿ ಪ್ರೋಟೋಕಾಲ್ ಎಂದು ಹೆಸರಂತೆ. ಪುಂಡಿ ಸೊಪ್ಪು ಸೋಸುತ್ತಿದ್ದ ನಾನು ಹಾಗೇ ಎದ್ದು ನಿಂತೆ.

“ಏ ಹುಡುಗಿ, ಇದು ನಮ್ಮ ಮಾಮಾಂದು! ನಿಮಗ ಯಾರು ಹೇಳಿದ್ರು?” ಎಂದೆ.

“ಆಯಿ, ಇದು ಪುಸ್ತಕದಾಗ ಅದ,” ಎಂದಳು ಅವಳು, ಆಯಿಗೆ ವಯಸ್ಸಾಯಿತು ಎಂಬ ಮುಖ ಮಾಡಿ.

ಪುಸ್ತಕದಲ್ಲಿರಬಹುದು. ಆದರೆ ಆ ಪುಸ್ತಕ ಬರೆದವರ ಮನೆಯಲ್ಲಿ ಯಾರೂ ಉಪ್ಪು ಬೇಕೆಂದು ಮೂರು ಸಲ ಹೇಳಿ ಉಪವಾಸ ಎದ್ದಿರಲಿಕ್ಕಿಲ್ಲ. ನಾವು ಎದ್ದಿದ್ದೇವೆ!

ಆಗ ಸ್ಟೇಷನ್ನುಗಳಲ್ಲಿ ಕಂಟ್ರೋಲ್ ಫೋನು ಎಂದು ಒಂದು ಇರುತ್ತಿತ್ತು. ವಾಡಿಯಿಂದ ಹಿಡಿದು ಸೇಡಂ ದಾಟಿ ಆಚೆಯ ತನಕ ಸ್ಟೇಷನ್ನುಗಳೆಲ್ಲ ಒಂದೇ ತಂತಿಗೆ ಜೋತುಬಿದ್ದಿದ್ದವು. ಎಲ್ಲೋ ದೊಡ್ಡ ಊರಿನಲ್ಲಿ ಕುಳಿತ ಕಂಟ್ರೋಲ್ ಸಾಹೇಬರು ಯಾವ ಗಾಡಿ ಎಲ್ಲಿದೆ, ಯಾಕೆ ನಿಂತಿದೆ ಎಂದು ಕೇಳಲು ಮಾಡಿದ ಏರ್ಪಾಟು ಅದು. ಆದರೆ ಅದರಲ್ಲೊಂದು ಮಜಾ ಇತ್ತು. ಗಂಟೆ ಯಾವ ಸ್ಟೇಷನ್ನಿಗೇ ಬಾರಿಸಲಿ, ಫೋನು ಎತ್ತಿದವರಿಗೆಲ್ಲ ಎಲ್ಲರ ಮಾತೂ ಕೇಳುತ್ತಿತ್ತು! ಇನ್ನೇನು ಬೇಕು? ಸಾಹೇಬರು ಚಹಾಕ್ಕೆ ಎದ್ದರೆಂದರೆ ತಂತಿಯ ಮೇಲೆ ಸಂತೆ ಕೂಡುತ್ತಿತ್ತು. ತೊಗರಿಗೆ ಬಿದ್ದ ಹುಳ, ಯಾರ ಎಮ್ಮೆ ಕರು ಹಾಕಿತು, ಯಾರ ಹೆಂಡತಿ ಸಿಟ್ಟಾಗಿ ತವರಿಗೆ ಹೋದಳು, ಎಲ್ಲವೂ ಅಲ್ಲಿ ಇತ್ಯರ್ಥವಾಗುತ್ತಿದ್ದವು.

ಸಂತೆಯಾದರೂ ಶಿಸ್ತಿನ ಸಂತೆ. ಮೊದಲು ಯಾರ ಹತ್ತಿರ ಮಾತಾಡಬೇಕೋ ಆ ಸ್ಟೇಷನ್ನಿನ ಹೆಸರು ಕೂಗಬೇಕು. ಅದು “ಹೇಳ್ರಿ” ಅನ್ನಬೇಕು. ಆಮೇಲೆ ಹಿಡಿಕೆಯ ಮೇಲಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಮಾತಾಡಬೇಕು. ಒತ್ತಿದರೆ ಮಾತ್ರ ನಿಮ್ಮ ದನಿ ತಂತಿಗೆ ಹತ್ತುವುದು. ಮಾತು ಮುಗಿದ ಮೇಲೆ “ತಿರುಗಿ ಹೇಳ್ರಿ” ಅನ್ನಬೇಕು. ಆಚೆಯವನು ಕೇಳಿದ್ದನ್ನು ಅಕ್ಷರ ಬಿಡದೆ ತಿರುಗಿ ಹೇಳಬೇಕು. ಹೇಳಿದರೆ ಮಾತು ಮುಟ್ಟಿತು. ಇಲ್ಲದಿದ್ದರೆ ಅದು ಆಡಿದ ಮಾತೇ ಅಲ್ಲ.

ಗಾಡಿಗಳಿಗೆ ಇದು ಸರಿ. ಒಂದು ಮಾತು ತಪ್ಪಿದರೆ ಎದುರುಬದುರು ಎರಡು ಗಾಡಿ ಬಂದಾವು! ಆದರೆ ಬದನೆಕಾಯಿ ಪಲ್ಯಕ್ಕೆ? ಮಾಮಾ ಅವ್ವನ ತಮ್ಮ, ಮದುವೆ ಮಾಡಿಕೊಳ್ಳದ ಆಸಾಮಿ. ಮಲಗುವುದು ರೈಲ್ವೆ ಕ್ವಾರ್ಟರಿನಲ್ಲಿ, ಉಣ್ಣುವುದು ನಮ್ಮ ಮನೆಯಲ್ಲಿ. ಊಟಕ್ಕೆ ಕುಳಿತ ಕೂಡಲೇ ಅವನ ಬಲಗೈ ಹೆಬ್ಬೆರಳು ತಂಬಿಗೆಯ ಕುತ್ತಿಗೆಯನ್ನೋ, ತನ್ನದೇ ಮೊಣಕಾಲನ್ನೋ ಒತ್ತಿ ಹಿಡಿಯುತ್ತಿತ್ತು. ಹೆಬ್ಬೆರಳು ಒತ್ತಿದ್ದರೆ ಅವನು ಮಾತಾಡುತ್ತಿದ್ದಾನೆ ಎಂದರ್ಥ. ಆಗ ಮನೆಗೆ ಬೆಂಕಿ ಬಿದ್ದಿದೆ ಎಂದು ಕೂಗಿದರೂ ಅವನಿಗೆ ಕೇಳದು. ಹೆಬ್ಬೆರಳು ಎತ್ತಿದರೆ ಇನ್ನು ನೀವು ಮಾತಾಡಬಹುದು. ಮಾತಾಡಿದ್ದನ್ನೆಲ್ಲ ಅವನು ತಿರುಗಿ ಹೇಳುತ್ತಿದ್ದ. ಅವ್ವ ಒಂದು ದಿನ ತಾಳ್ಮೆಗೆಟ್ಟು ಲಟ್ಟಣಿಗೆ ಎತ್ತಿಕೊಂಡು, “ನಿನ್ನ ಬಾಯಾಗ ಮಣ್ಣ ಬೀಳ್ಲಿ!” ಎಂದು ಚೀರಿದಳು.

ಮಾಮಾ ಶಾಂತವಾಗಿ ಕೇಳಿಸಿಕೊಂಡ. “ನನ್ನ ಬಾಯಾಗ ಮಣ್ಣ ಬೀಳ್ಲಿ. ಬರೋಬ್ಬರಿ. ಮುಂದಿಂದು ಹೇಳು ಯಕ್ಕಾ,” ಎಂದ.

ಅವ್ವ ಲಟ್ಟಣಿಗೆಯನ್ನು ಮೂಲೆಗೆ ಒಗೆದಳು.

ತಂತಿಯ ಮೇಲೆ ಯಾರಿಗೂ ಸ್ವಂತ ಹೆಸರಿರಲಿಲ್ಲ ಎಂಬುದು ಇನ್ನೊಂದು ಫಜೀತಿ. ಸ್ಟೇಷನ್ನಿನ ಹೆಸರೇ ಮನುಷ್ಯನ ಹೆಸರು. “ಸೇಡಂಗ ಎರಡ ದಿನದಿಂದ ಕೆಮ್ಮು,” “ತಾಂಡೂರಿಗಿ ಗಂಡು ಹುಟ್ಯದ,” ಎಂದೆಲ್ಲ ಮಾಮಾ ಸುದ್ದಿ ತರುತ್ತಿದ್ದ. ಒಮ್ಮೆ ಕಣ್ಣೀರು ತುಂಬಿಕೊಂಡು ಬಂದು, “ಚಿತ್ತಾಪುರ ಹೋಯ್ತು, ಯಕ್ಕಾ!” ಎಂದು ಕಂಬಕ್ಕೆ ಒರಗಿದ. ಚಿತ್ತಾಪುರದಲ್ಲಿ ಮಗಳನ್ನು ಕೊಟ್ಟಿದ್ದ ಪಕ್ಕದ ಮನೆಯಾಕೆ ಎದೆ ಬಡಿದುಕೊಂಡು ಓಡಿಬಂದಳು. ಆಕೆಗೆ ನೀರು ಕುಡಿಸಿ, ಹೋದದ್ದು ಊರಲ್ಲ, ಅಲ್ಲಿನ ಮಾಸ್ತರರಿಗೆ ವರ್ಗವಾಗಿದೆ ಎಂದು ತಿಳಿಸುವಷ್ಟರಲ್ಲಿ ನಮ್ಮ ಹಣೆಯಲ್ಲೂ ಬೆವರು.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವನ ದೊಡ್ಡ ಕಾಯಿದೆ. ರೈಲಿನಲ್ಲಿ ಒಂದು ಸ್ಟೇಷನ್ನಿನಿಂದ ಹೊರಟ ಗಾಡಿ ಮುಂದಿನ ಸ್ಟೇಷನ್ನು ಮುಟ್ಟಬೇಕು. ಅಲ್ಲಿನ ಮಾಸ್ತರ ಹೊರಗೆ ಬಂದು, ಕಡೆಯ ಡಬ್ಬಿಯ ಬೆನ್ನಿಗಿರುವ ಗುರುತು ಕಣ್ಣಾರೆ ಕಂಡು, ನಡುವೆ ಯಾವ ಡಬ್ಬಿಯೂ ಕಳಚಿ ಬಿದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡು “ಪೂರಾ ಬಂತು” ಎಂದು ಹೇಳಬೇಕು. ಅಲ್ಲಿಯ ತನಕ ಹಿಂದಿನ ಗಾಡಿಯನ್ನು ಬಿಡುವ ಹಾಗಿಲ್ಲ. ಮಾಮಾ ಇದನ್ನು ಮನುಷ್ಯರಿಗೂ ಹಚ್ಚಿದ! ನಮ್ಮ ಮನೆಯಿಂದ ಯಾರೇ ಹೊರಡಲಿ, ಅವರು ಮುಟ್ಟಿದ ಖಬರು ಬರಬೇಕು. ಬರುವ ತನಕ ಅವನಿಗೆ ಅನ್ನ ಇಳಿಯದು, ಇನ್ನೊಬ್ಬರನ್ನು ಹೊಸ್ತಿಲು ದಾಟಲು ಬಿಡನು.

ನನ್ನ ತಮ್ಮನ ತೊಟ್ಟಿಲ ಕಾರ್ಯಕ್ಕೆ ಚಿಂಚೋಳಿ ಕಡೆಯ ಕೊಡ್ಲಿ ಎಂಬ ಊರಿನಿಂದ ನಮ್ಮ ಅತ್ತೆ ಮತ್ತು ಅವರ ಯಜಮಾನರು ಬಂದಿದ್ದರು. ಸೇಡಂ ತನಕ ರೈಲು, ಅಲ್ಲಿಂದ ಬಸ್ಸು. ಅವರು ಊರಿಗೆ ತಿರುಗಿ ಹೊರಟ ದಿನ ಮಾಮಾನಿಗೆ ರಜೆ. ನಮ್ಮ ಗ್ರಹಚಾರಕ್ಕೆ ಮನೆಯಲ್ಲಿದ್ದ. ಅತ್ತೆ ಹಸಿರು ಸೀರೆಯುಟ್ಟು, ಹೋಳಿಗೆಯ ಬುತ್ತಿ ಹಿಡಿದು ಮುಂದೆ ನಡೆದರು. ಯಜಮಾನರು ಚಪ್ಪಲಿ ಮೆಟ್ಟಿ ಹಿಂದೆ ಹೊರಟರೆ ಮಾಮಾ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತುಬಿಟ್ಟ.

“ಏ ಮಾಸ್ತರ, ಆಕಿ ನನ್ನ ಹೆಂಡತಿರೀ! ನಾವಿಬ್ಬರೂ ಒಂದ ಗಾಡಿಗಿ ಹೋಗೋರು!”

“ಅದಕ್ಕ ಹೇಳಾಕತ್ತೀನ್ರಿ. ಗಂಡ ಹೆಂಡತಿ ಹಿಂದಮುಂದ ಭಾಳ ಹತ್ರ ಹೋದ್ರ ಟಕ್ಕರ ಆಗ್ತದ. ಆಕಿ ಸ್ಟೇಷನ್ ಮುಟ್ಟಿದ ಖಬರ ಬರ್ಲಿ. ನೀವು ಕುಂದ್ರಿ.”

ಸ್ಟೇಷನ್ ಮುಟ್ಟಿದ ಕೂಡಲೇ ಯಾರ ಕೈಯಲ್ಲಾದರೂ ಹೇಳಿ ಕಳಿಸಿರಿ ಎಂದು ಅತ್ತೆಗೆ ತಾಕೀತು ಮಾಡಿದ್ದ. ಅತ್ತೆ ಮರೆತರು. ಗಾಡಿ ಬಂತು. ಗಂಡ ಹಿಂದಿನ ಡಬ್ಬಿಯಲ್ಲಿ ಹತ್ತಿರಬೇಕು ಎಂದುಕೊಂಡು ಅತ್ತೆ ಹೆಂಗಸರ ಡಬ್ಬಿ ಹತ್ತಿದರು. ಗಾಡಿ ಹೋಯಿತು! ಕೂಗಿದ ಸಿಳ್ಳು ನಮ್ಮ ಪಡಸಾಲೆಗೆ ಕೇಳಿಸಿದಾಗ ಯಜಮಾನರು ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದು ಹೌಹಾರಿ ನಿಂತಿದ್ದರು. ನೆಲಹಾಸಿನ ಪರಸಿ ಕಲ್ಲಿನ ವ್ಯಾಪಾರ ಮಾಡಿ ಮಾಡಿ ತಾವೂ ಕಲ್ಲಿನಷ್ಟೇ ಮಾತಾಡುತ್ತಿದ್ದ ನಮ್ಮಪ್ಪ ಕೂಡ ಅಂದು “ಅಯ್ಯಯ್ಯೋ” ಎಂದರು.

“ಟಕ್ಕರ ಅಂತೂ ಆಗಲಿಲ್ಲ,” ಎಂದು ಸಮಾಧಾನ ಹೇಳಿ ಮಾಮಾ ಸ್ಟೇಷನ್ನಿಗೆ ಓಡಿದ. ಫೋನು ಎತ್ತಿ, “ಸೇಡಂ, ಸೇಡಂ! ಹಸರ ಸೀರಿ ಉಟ್ಟ ಹೆಣ್ಮಗಳು, ಕೈಯಾಗ ಬುತ್ತಿ, ಒಬ್ಬರ ಬರಾಕತ್ತಾರ. ಇಳಿಸ್ಕೊಳ್ರಿ!” ಎಂದ. ಸೇಡಂ ತಿರುಗಿ ಹೇಳಿದರು. ಈ ಸೇಡಂ ಅಂದರೆ ಅಲ್ಲಿನ ಮಾಸ್ತರರು. ತಂತಿಯ ಮೇಲೆ ಮಾಮಾನಿಗೆ ಎಲ್ಲರಿಗಿಂತ ಹತ್ತಿರದ ಗೆಳೆಯರು. ವರ್ಷಗಟ್ಟಲೆ ದಿನಾ ಮಾತಾಡಿದರೂ ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಒಬ್ಬರಿಗೆ ರಜೆಯಿದ್ದರೆ ಇನ್ನೊಬ್ಬರಿಗೆ ಡ್ಯೂಟಿ. ಅದೂ ಅಲ್ಲದೆ ನಮ್ಮ ಮಾಮಾ ರೈಲೇ ಹತ್ತುತ್ತಿರಲಿಲ್ಲ! ಕೇಳಿದರೆ, “ಗಾಡಿ ಕಳ್ಸೋದು ನನ್ನ ಕೆಲಸ. ಒಳಗ ಕುಂತ್ರ ಮುಂದ ಲೈನ್ ಖಾಲಿ ಅದನೋ ಇಲ್ಲೋ ನನಗ ಹ್ಯಾಂಗ ತಿಳೀಬೇಕು?” ಎನ್ನುತ್ತಿದ್ದ.

ಸ್ವಲ್ಪ ಹೊತ್ತಿಗೆ ಸೇಡಂ ಕಡೆಯಿಂದ ಖಬರು ಬಂತು. “ಹೆಣ್ಮಗಳು ಪೂರಾ ಬಂದಾರ. ಹೋಳಿಗಿ ಬುತ್ತಿ ಮಾತ್ರ ಪೂರಾ ಇಲ್ಲ, ನಮ್ಮ ಮನ್ಯಾಗ ಸ್ವಲ್ಪ ಇಳಿಸ್ಕೊಂಡೀವಿ. ತಿರುಗಿ ಹೇಳ್ರಿ.”

ಅಷ್ಟಕ್ಕೇ ಮುಗಿಯಲಿಲ್ಲ. ಸೇಡಂ ಮಾಸ್ತರರ ಮಗ ಅತ್ತೆಯನ್ನು ಕೊಡ್ಲಿಯ ಬಸ್ಸಿಗೆ ಹತ್ತಿಸಿದನಂತೆ. ಹತ್ತಿಸಿದವನು ಮನೆಗೆ ಹೋಗಲಿಲ್ಲ. ಅದೇ ಬಸ್ಸು ತಿರುಗಿ ಸೇಡಂಗೆ ಬರುವ ತನಕ ಸ್ಟ್ಯಾಂಡಿನಲ್ಲಿಯೇ ಕುಳಿತು, ಹಸಿರು ಸೀರೆಯಾಕೆ ತಮ್ಮ ಊರಲ್ಲಿಯೇ ಇಳಿದರು ಎಂದು ಕಂಡಕ್ಟರನ ಬಾಯಿಂದ ಕೇಳಿಕೊಂಡು, ಆಮೇಲೆ ತನ್ನಪ್ಪನ ಹತ್ತಿರ ಫೋನು ಮಾಡಿಸಿದನಂತೆ. ಹೀಗೆ ಮಾಡು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಸಂಜೆ ಮಾಮಾ ಬಂದು ಈ ಸುದ್ದಿ ಹೇಳಿದ. “ಕಡೀ ಡಬ್ಬಿ ನೋಡೇ ಮನಿಗಿ ಹೋಗ್ಯಾನ, ಯಕ್ಕಾ. ಹೇಳದೇ!” ಎಂದ. ಮೂಲೆಯಲ್ಲಿ ಕುಳಿತ ಕೊಡ್ಲಿಯ ಯಜಮಾನರು ಕೊಟ್ಟ ನೋಟವನ್ನು ನಾನಿಲ್ಲಿ ಬರೆಯಲಾರೆ.

ಇನ್ನು ನನ್ನ ಅಕ್ಕನ ವಿಷಯ ಹೇಳಬೇಕು. ಈ ಮನುಷ್ಯನ ಕಾಯಿದೆಗಳನ್ನು ನಗದೆ, ಬೇಸರವಿಲ್ಲದೆ ಪಾಲಿಸುತ್ತಿದ್ದವಳು ಲೋಕದಲ್ಲಿ ಅವಳೊಬ್ಬಳೇ. ಮಾಮಾ ಡ್ಯೂಟಿಯಲ್ಲಿರುವಾಗ ಬುತ್ತಿ ಒಯ್ಯುವುದು ಅವಳ ಕೆಲಸ. ಒಯ್ದಿಟ್ಟು, “ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಮಜ್ಜಿಗಿ,” ಎನ್ನುವಳು. ಮಾಮಾ ಒಂದೊಂದನ್ನೇ ಮುಟ್ಟಿ ತಿರುಗಿ ಹೇಳಿ, “ಪೂರಾ ಬಂತು, ತಾಯಿ,” ಎನ್ನುವನು. ಆದರೆ ಕೈ ಹಚ್ಚುತ್ತಿರಲಿಲ್ಲ. ಅಕ್ಕ ಬಯಲು ದಾಟಿ ಮನೆಗೆ ಬಂದು, ಮಾಳಿಗೆ ಹತ್ತಿ, ಒಂದು ಬಿಳಿ ವಸ್ತ್ರ ಬೀಸಬೇಕು. ಅದನ್ನು ಪ್ಲಾಟ್‌ಫಾರ್ಮಿನಿಂದ ಕಂಡ ಮೇಲೆಯೇ ಅವನು ರೊಟ್ಟಿ ಮುರಿಯುತ್ತಿದ್ದ. ಬಿಸಿಲಿರಲಿ, ಮಳೆಯಿರಲಿ, ಅಕ್ಕ ಒಂದು ದಿನವೂ ಮಾಳಿಗೆ ಹತ್ತುವುದನ್ನು ತಪ್ಪಿಸಲಿಲ್ಲ. “ನಾ ಬೀಸದಿದ್ರ ಅವ ಉಪವಾಸ ಇರ್ತಾನ,” ಎನ್ನುತ್ತಿದ್ದಳು. ಒಮ್ಮೆ ಅವಳಿಗೆ ಜ್ವರ ಬಂದಾಗ ಬುತ್ತಿ ಒಯ್ದ ನಾನು ಮಾಳಿಗೆಯ ಗೊಡವೆಗೇ ಹೋಗಲಿಲ್ಲ. ಸಂಜೆ ನೋಡಿದರೆ ಬುತ್ತಿ ಹಾಗೇ ವಾಪಸು ಬಂದಿತ್ತು! ನಾನು ದಂಗಾದೆ. ಅಕ್ಕ ಮಾತ್ರ ದಂಗಾಗಲಿಲ್ಲ.

ಹೋಳಿಗೆ ಪ್ರಕರಣ ನಡೆದು ಕೆಲ ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಮಾಮಾ ಬಂದು ಪಡಸಾಲೆಯಲ್ಲಿ ಕುಳಿತ. ಹೆಬ್ಬೆರಳು ಮೊಣಕಾಲಿನ ಮೇಲೆ ಒತ್ತಿತು.

“ಯಕ್ಕಾ, ದೊಡ್ಡ ಹುಡುಗಿನ್ನ ಸೇಡಂನ ಮಗನಿಗಿ ಕೊಟ್ಟೀನಿ.”

ಅವ್ವನ ಕೈಯಲ್ಲಿದ್ದ ಮೊರ ಜಾರಿತು. ತೊಗರಿ ಬೇಳೆ ಮನೆಯೆಲ್ಲ ಹರಡಿತು.

“ಏನಂದಿ? ಯಾವಾಗ ಕೊಟ್ಟಿ?”

“ಮುಂಜಾನಿ. ಪ್ಯಾಸಿಂಜರ್ ಹೋದ ಮ್ಯಾಲ. ಕೊಟ್ಟೀನಿ ಅಂದೆ, ಅವರು ತಿರುಗಿ ಹೇಳಿದ್ರು. ಲೈನೆಲ್ಲಾ ಕೇಳ್ಯದ. ವಾಡಿ ಕೇಳ್ಯದ, ಚಿತ್ತಾಪುರ ಕೇಳ್ಯದ. ಕಂಟ್ರೋಲ್ ಸಾಹೇಬರೂ ಕೇಳ್ಯಾರ. ‘ಯೇ ಘರ್ ಕೀ ಬಾತ್ ಬಂದ್ ಕರೋ’, ಮನಿ ಮಾತು ಬಂದ್ ಮಾಡ್ರಿ ಅಂತ ಬೈದ್ರು. ಆಮ್ಯಾಲೆ ‘ಶಾದಿ ಕಬ್ ಹೈ?’ ಅಂತ ಲಗ್ನದ ದಿನಾನೂ ಕೇಳಿದ್ರು.”

“ಆ ಸೇಡಂನ ಹೆಸರೇನು?”

ಮಾಮಾ ಯೋಚಿಸಿದ. “ಹೆಸರಾ? ಸೇಡಂ.”

“ಹುಡುಗನ್ನ ನೋಡೀಯೇನು?”

“ಇಲ್ಲ.”

“ಅವರಪ್ಪನ್ನ?”

“ಇಲ್ಲ.”

“ಅವರು ನಮ್ಮ ಮಂದಿ ಏನು? ಕುಲ ಏನು?”

“ತಂತಿ ಮ್ಯಾಲ ಅದನ್ನೆಲ್ಲಾ ಯಾರು ಕೇಳ್ತಾರ, ಯಕ್ಕಾ?” ಎಂದ ಮಾಮಾ, ತನಗೇ ಆಶ್ಚರ್ಯವಾದವನಂತೆ.

ಅವ್ವ ನೆಲದ ಮೇಲೆ ಕುಸಿದು ಕುಳಿತಳು. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಕುಲ ಗೊತ್ತಿಲ್ಲ. ದನಿ ಕೇಳಿ ಹೆಣ್ಣು ಕೊಟ್ಟ ಭೂಪನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನಂತೂ ಬಾಯಿ ತೆರೆದವಳು ಮುಚ್ಚುವುದನ್ನೇ ಮರೆತಿದ್ದೆ. ಆ ಕರೀ ಫೋನನ್ನು ಎತ್ತಿ ಬಾವಿಗೆ ಒಗೆಯುತ್ತೇನೆ, ಅದನ್ನು ನನ್ನ ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಅವ್ವ ಒಂದೇ ಉಸಿರಿನಲ್ಲಿ ಎರಡು ಶಪಥ ಮಾಡಿದಳು. “ಈಗಿಂದೀಗ ಹೋಗು. ಇಲ್ಲ ಅಂತ ಹೇಳಿ ಬಾ!” ಎಂದಳು.

ಅಂದು ಮಾಮಾ ತಿರುಗಿ ಹೇಳಲಿಲ್ಲ. ತಲೆ ತಗ್ಗಿಸಿದ. “ತಿರುಗಿ ಹೇಳಿಸ್ಕೊಂಡ ಮಾತು ಅದ, ಯಕ್ಕಾ. ಅದನ್ನ ನುಂಗಿದ್ರ ನಾಳಿ ಯಾವ ಬಾಯಿಲೆ ಫೋನ್ ಎತ್ಲಿ? ಲೈನ್ ಖಾಲಿ ಅದ ಅಂತ ನಾ ಹೇಳಿದ್ರ ಯಾರು ಗಾಡಿ ಬಿಡ್ತಾರ?” ಎಂದ. ಮಾತು ಮುರಿದರೆ ಗಾಡಿಯ ಮಾತೊಂದು ಬಿಟ್ಟು ಬೇರೆ ಮಾತಿಗೆ ಆ ಫೋನು ಮುಟ್ಟುವುದಿಲ್ಲ ಎಂದ. ಆ ತಂತಿ ಬಿಟ್ಟರೆ ಅವನಿಗೆ ಲೋಕದಲ್ಲಿ ಇನ್ಯಾರಿದ್ದರು? ಹೇಳುವಾಗ ಅವನ ಮುಖ ನೋಡಲಾಗಲಿಲ್ಲ ನನಗೆ.

ಕಡೆಗೆ ಮಾತಾಡಿದವಳು ಅಕ್ಕ. “ಅವ್ವಾ, ಈಗೇ ಇಲ್ಲ ಅನ್ನೋದು ಯಾಕ? ಬರ್ಲಿ. ನಾ ನೋಡ್ತೀನಿ. ಮನಸಿಗಿ ಬರದಿದ್ರ ನಾನೇ ಮಾಮಾಗ ಹೇಳ್ತೀನಿ. ನಾ ಹೇಳಿದ್ದು ಅವ ತಿರುಗಿ ಹೇಳ್ತಾನ,” ಎಂದಳು.

ಅಪ್ಪ ತಾವೇ ಸೇಡಂಗೆ ಹೋಗಿ ವಿಚಾರಿಸಿ ಬಂದರು. “ನಮ್ಮ ಮಂದಿನೇ. ಹುಡುಗ ಸಾಲಿ ಮಾಸ್ತರ. ಬರಾಕ ಹೇಳೀನಿ,” ಎಂದರು. ಅಪ್ಪನ ಲೆಕ್ಕದಲ್ಲಿ ಅದು ದೊಡ್ಡ ಭಾಷಣ. ನಮ್ಮವರೇ ಎಂದು ಕೇಳಿ ಅವ್ವನಿಗೆ ಅರ್ಧ ಜೀವ ಬಂತು. ಉಳಿದರ್ಧ ಅಕ್ಕ ಏನೆನ್ನುವಳೋ ಎಂಬಲ್ಲಿಯೇ ನಿಂತಿತ್ತು.

ನೋಡಲು ಬಂದ ದಿನ ಮಾಮಾ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಬೆಳಗಿನಿಂದ ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡಿದ. ತಂತಿಯ ಮೇಲೆ ಸೇಡಂ ಅವರದು ಗುಡುಗಿನಂಥ ದನಿ. ಬಾಗಿಲು ತುಂಬುವ ಗಜಗಾತ್ರದ ಆಳು ಬಂದಾರು ಎಂದು ನಾವೆಲ್ಲ ಕತ್ತೆತ್ತಿ ಕಾದೆವು. ಬಂದವರು ಮಾಮಾನ ಭುಜಕ್ಕೆ ಬರುವಷ್ಟು ಎತ್ತರದ, ಕಡ್ಡಿಯಂಥ ಮನುಷ್ಯ! ಮಾಮಾ ಅವರ ಹಿಂದೆ ಇನ್ಯಾರೋ ಬರುತ್ತಿದ್ದಾರೆಂದು ಹಣಿಕಿ ಹಣಿಕಿ ನೋಡಿದ. ಸೇಡಂ ಅವರೂ ಮಾಮಾನ ಹೊಳೆಯುವ ಬೋಳು ನಡುನೆತ್ತಿಯನ್ನು ಕಂಡು ಗಲಿಬಿಲಿಗೊಂಡರು. ಫೋನಿನಲ್ಲಿ ಎಳೆಯ ದನಿ ಕೇಳಿ ಕೇಳಿ ಅವರು ಯಾರೋ ಪೊಗದಸ್ತಾದ ಕೂದಲಿನ ಯುವಕನನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರಂತೆ.

ಇಬ್ಬರೂ ಎದುರುಬದುರು ಕುಳಿತರು. ಆಮೇಲೆ ನಡೆದದ್ದು ಘೋರ. ಒಂದು ಮಾತಿಲ್ಲ! ವರ್ಷಗಟ್ಟಲೆ ಬಾಯಿ ಮುಚ್ಚದೆ ಹರಟೆ ಹೊಡೆದವರು ಮೂಕರಂತೆ ನೆಲದ ಪರಸಿ ನೋಡುತ್ತ ಕುಳಿತುಬಿಟ್ಟರು. ಮಾಮಾ ಒಮ್ಮೆ ಕೆಮ್ಮಿದ. ಸೇಡಂ ಒಮ್ಮೆ ಕೆಮ್ಮಿದರು. ಅವಲಕ್ಕಿ ಚೂಡಾ ಬಂತು, ಚಹಾ ಬಂತು, ಬಂದ ಚಹಾ ಆರಿತು. ಸೇಡಂ ಅವರ ಹೆಂಡತಿಯ ಮುಖ ಗಂಟಿಕ್ಕಿತು. ತಾವಾಗಿ ಹೆಣ್ಣು ಕೊಡುತ್ತೇವೆ ಎಂದವರು ಮನೆಗೆ ಕರೆದು ಮಾತೂ ಆಡುತ್ತಿಲ್ಲವಲ್ಲ ಎಂದು ಆಕೆಗೆ ಅವಮಾನ. ಗಂಡಿನ ಕಡೆಯವರಿಗೆ ಮನಸ್ಸಿಲ್ಲ ಎಂದು ಅವ್ವನಿಗೆ ಸಂಕಟ. ನಮ್ಮಪ್ಪನ ಬಗ್ಗೆ ಹೇಳುವುದೇ ಬೇಡ. ಸೇಡಂ ಅವರ ಹೆಂಡತಿ ಸೆರಗು ಸರಿಮಾಡಿಕೊಂಡು, “ಏಳ್ರಿ, ಗಾಡಿ ಟೈಮಾಯ್ತು,” ಎಂದೇಬಿಟ್ಟರು.

ಅಷ್ಟರಲ್ಲಿ, ತಲೆ ತಗ್ಗಿಸಿ ಕುಳಿತಿರಬೇಕಾದ ನಮ್ಮ ಅಕ್ಕ ಎದ್ದು ನಿಂತಳು!

“ಮಾಮಾ, ಒಂದು ತಂಬಿಗಿ ನೀರು ತಗೊಂಬಾ,” ಎಂದಳು.

ನೋಡಲು ಬಂದವರ ಎದುರು ಹೆಣ್ಣು ಸೋದರಮಾವನಿಗೆ ನೀರು ತಾ ಅನ್ನುವುದೇ? ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾಮಾ ಮಾತ್ರ ರೂಢಿಯಂತೆ, “ಒಂದು ತಂಬಿಗಿ ನೀರು,” ಎಂದು ತಿರುಗಿ ಹೇಳಿ ಒಳಗೆ ಹೋದ. ಅವನು ಒಳಗೆ ಕಾಲಿಟ್ಟದ್ದೇ ತಡ, ಅಕ್ಕ ಒಳಮನೆಯ ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿಬಿಟ್ಟಳು! ಹುಡುಗಿಗೆ ಒಪ್ಪಿಗೆ ಇಲ್ಲ, ಅದಕ್ಕೇ ಮಾಮಾನನ್ನು ಕೂಡಿಹಾಕಿದಳು ಎಂದುಕೊಂಡೆ ನಾನು.

ಆಮೇಲೆ ಮುಚ್ಚಿದ ಬಾಗಿಲಿನ ಆಚೆಯಿಂದ ಮೆಲ್ಲಗೆ ಕೇಳಿಸಿತು. “ಸೇಡಂ... ಸೇಡಂ...”

ಕಡ್ಡಿಯಂತೆ ಕುಳಿತಿದ್ದ ಮನುಷ್ಯ ಸೆಟೆದು ಕುಳಿತರು. ಮುಖ ಅರಳಿತು. ಹೆಬ್ಬೆರಳು ಮೊಣಕಾಲನ್ನು ಒತ್ತಿತು. ನಮ್ಮ ಊರಿನ ಹೆಸರು ಹಿಡಿದು, ಮಾಡಿನ ಮಣ್ಣು ಉದುರುವ ದನಿಯಲ್ಲಿ, “ಹೇಳ್ರಿ!” ಎಂದು ಗುಡುಗಿದರು.

“ಆರಾಮ ಬಂದು ಮುಟ್ಟಿದ್ರೇನು?”

“ಆರಾಮ ಬಂದು ಮುಟ್ಟೀವಿ. ಚೂಡಾ ಭಾಳ ಛಲೋ ಅದ. ತಿರುಗಿ ಹೇಳ್ರಿ!”

ಆಮೇಲೆ ಅವರನ್ನು ನಿಲ್ಲಿಸುವುದೇ ಕಷ್ಟವಾಯಿತು. ಕೊಡುವುದು, ತರುವುದು, ಮುಹೂರ್ತ, ಊಟ, ಎಲ್ಲವನ್ನೂ ಆ ಇಬ್ಬರೂ ಬಾಗಿಲಿನ ಈಚೆ ಆಚೆ ಕುಳಿತೇ ಮುಗಿಸಿದರು. ಗಂಟು ಮುಖದ ತಾಯಿಯೂ ನಕ್ಕುಬಿಟ್ಟರು. ಹುಡುಗ ಒಮ್ಮೆ ಬಾಗಿಲನ್ನು ನೋಡಿದ, ಒಮ್ಮೆ ಚಿಲಕದ ಹತ್ತಿರ ನಿಂತಿದ್ದ ಅಕ್ಕನನ್ನು ನೋಡಿದ, ಸದ್ದಿಲ್ಲದೆ ನಕ್ಕ. ಅಕ್ಕನೂ ನಕ್ಕಳು. ಆ ನಗೆಯಲ್ಲಿ ಅವ್ವನ ಉಳಿದರ್ಧ ಜೀವವೂ ಬಂತು.

ಮದುವೆ ನಮ್ಮ ಮನೆಯ ಮುಂದೆಯೇ ಆಯಿತು. ಅದರ ಮರುದಿನ ಮಧ್ಯಾಹ್ನದ ಗಾಡಿಗೆ ಅಕ್ಕನನ್ನು ಕಳಿಸಿಕೊಡುವುದು. ಮಾಮಾ ಅಂದು ಹಟ ಹಿಡಿದು ಡ್ಯೂಟಿ ಹಾಕಿಸಿಕೊಂಡಿದ್ದ. “ಆಕಿ ಗಾಡಿ ನಾನೇ ಬಿಡ್ತೀನಿ,” ಎಂದಿದ್ದ. ಸೇಡಂ ಅವರೂ ತಮ್ಮ ಡ್ಯೂಟಿಗೆಂದು ಮುಂಜಾನೆಯ ಗಾಡಿಗೇ ಮುಂದೆ ಹೋಗಿದ್ದರು. ಅಕ್ಕ ಅವ್ವನನ್ನು ತಬ್ಬಿ ಅತ್ತಳು, ನನ್ನನ್ನು ತಬ್ಬಿ ಅತ್ತಳು. ಮಾಮಾನ ಕಾಲು ಮುಟ್ಟಿದಳು. ಅವನು ಹಸಿರು ನಿಶಾನೆ ಹಿಡಿದುಕೊಂಡು ದೂರ ಹೋಗಿ ನಿಂತ. ಗಾಡಿ ಹೊರಟಿತು. ಕಡೆಯ ಡಬ್ಬಿ ಕಣ್ಮರೆಯಾದ ಮೇಲೂ ಅವನು ನಿಶಾನೆ ಇಳಿಸಿರಲಿಲ್ಲ.

ಮನೆಗೆ ಹೋಗೋಣ ಎಂದರೆ ಅವ್ವ ಏಳಲಿಲ್ಲ. ಮಾಮಾನ ಕೋಣೆಯ ಬಾಗಿಲಲ್ಲಿಯೇ ಕುಳಿತಳು. ಆ ಹಳೆಯ ಫೋನಿನ ಒಡಕು ದನಿ ಬಾಗಿಲಿನ ತನಕ ಕೇಳಿಸುತ್ತಿತ್ತು.

“ಚಿತ್ತಾಪುರ ಹೇಳಾಕತ್ತೀನಿ. ಗಾಡಿ ಪೂರಾ ಬಂತು. ಹುಡುಗಿ ಕಿಟಕ್ಯಾಗ ಕುಂತಾಳ, ಅಳಾಕತ್ತಾಳ. ತಿರುಗಿ ಹೇಳ್ರಿ.”

“ಹುಡುಗಿ ಕಿಟಕ್ಯಾಗ ಕುಂತಾಳ, ಅಳಾಕತ್ತಾಳ,” ಎಂದ ಮಾಮಾ ಗಟ್ಟಿಯಾಗಿ. ಅವ್ವ ಕಣ್ಣೊರೆಸಿಕೊಂಡಳು.

“ಮಳಖೇಡ ಹೇಳಾಕತ್ತೀನಿ. ಗಾಡಿ ಪೂರಾ ಬಂತು. ಅಳೂದು ನಿಂತದ. ಹುರಗಡಲಿ ತಿನ್ನಾಕತ್ತಾಳ. ತಿರುಗಿ ಹೇಳ್ರಿ.”

“ಹುರಗಡಲಿ ತಿನ್ನಾಕತ್ತಾಳ,” ಎಂದ ಮಾಮಾ. ಅಳುತ್ತಲೇ ನನಗೆ ನಗು ಬಂತು.

ಆಮೇಲೆ ಕಾದೆವು. ಕಡೆಗೆ ಆ ಗುಡುಗಿನ ದನಿ ಬಂತು, ಆದರೆ ಅಂದು ಅದು ಗುಡುಗಲಿಲ್ಲ. “ಸೇಡಂ ಹೇಳಾಕತ್ತೀನಿ. ಗಾಡಿ ಪೂರಾ ಬಂತು. ಕಡೀ ಡಬ್ಬಿ ನಾನೇ ನೋಡೀನಿ. ನಿಮ್ಮ ಹುಡುಗಿ ಮುಟ್ಯಾಳ. ತಿರುಗಿ ಹೇಳ್ರಿ.”

ಮಾಮಾ ಗುಂಡಿ ಒತ್ತಿದ. ತುಟಿ ತೆರೆದ. ಮಾತು ಬರಲಿಲ್ಲ.

ನಾನು ಬೆಚ್ಚಿಬಿದ್ದೆ. ಹುಟ್ಟಿದಾಗಿನಿಂದ ನಾನು ನೋಡಿದ ಮಾಮಾ ಬೈಗುಳವನ್ನೂ ಬಿಡದೆ ತಿರುಗಿ ಹೇಳಿದವನು. ಈಗ ಅವನ ಹೆಬ್ಬೆರಳು ಗುಂಡಿಯನ್ನು ಒತ್ತಿಯೇ ಇತ್ತು, ತಂತಿಗೆ ಅವನ ಉಸಿರು ಮಾತ್ರ ಹೋಗುತ್ತಿತ್ತು. ಬಾಗಿಲಿನಿಂದ ಆಚೆ ನಮ್ಮ ಮನೆಯ ಮಾಳಿಗೆ ಕಾಣುತ್ತಿತ್ತು, ಅದರ ಮೇಲೆ ಯಾರೂ ಇರಲಿಲ್ಲ. ತಂತಿಯ ಮೇಲೆ ವಾಡಿ ಮಾತಾಡಲಿಲ್ಲ, ಚಿತ್ತಾಪುರ ಮಾತಾಡಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಕಂಟ್ರೋಲ್ ಸಾಹೇಬರೂ ಬೈಯಲಿಲ್ಲ.

“ಮುಟ್ಯಾಳ್ರಿ, ಮಾಸ್ತರ,” ಎಂದರು ಸೇಡಂ ಮತ್ತೊಮ್ಮೆ, ಮೆತ್ತಗೆ.

ಅವ್ವ ಎದ್ದಳು. ಜನ್ಮದಲ್ಲಿ ಮುಟ್ಟೆನು ಎಂದಿದ್ದ ಆ ಕರೀ ಹಿಡಿಕೆಯನ್ನು ತಮ್ಮನ ಕೈ ಸಮೇತ ತನ್ನ ಬಾಯಿಗೆ ಎಳೆದುಕೊಂಡಳು. ಗುಂಡಿ ಒತ್ತಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಒತ್ತಿದ್ದು ಮಾಮಾನ ಹೆಬ್ಬೆರಳು, ಮಾತಾಡಿದ್ದು ಅವ್ವ.

“ನಮ್ಮ ಹುಡುಗಿ ಮುಟ್ಯಾಳ,” ಎಂದಳು. “ಪೂರಾ ಮುಟ್ಯಾಳ.”

ವಾಡಿಯವರು ಅಳುಕುತ್ತ ಅಂದರು. “ಅಕ್ಕಾರ, ಇನ್ನ ಲೈನ್ ಬಿಡ್ರಿ. ಇಲ್ಲಿ ಗೂಡ್ಸ್ ಗಾಡಿ ನಿಂತದ.”

“ನಿಂದರ್ಲಿ,” ಎಂದಳು ಅವ್ವ. “ಸೇಡಂ, ಇನ್ನೊಮ್ಮಿ ಹೇಳ್ರಿ.”